ಇಲ್ಲದ ಡ್ರೈವಿನೊಳಗಿನ ಸಿಡಿ

ಬಂಡೀಪುರ ಕಾಡಿನ ಅಂಚಿನ ಮದ್ದೂರಿನಲ್ಲಿ ನೀಲಗಾರರೊಬ್ಬರು ಹಾಡಿದ ಮಂಟೇಸ್ವಾಮಿ ಕಥೆಯನ್ನು ಯಾರೋ 15 ವರ್ಷಗಳ ಹಿಂದೆ ‘ನುಡಿ’ಯಲ್ಲಿ ಬೆರಳಚ್ಚಿಸಿ ಸಿಡಿಯಲ್ಲಿಟ್ಟಿದ್ದರು. ನನ್ನ ಪಿಎಚ್.ಡಿ.ಗೆ ಅದು ಬೇಕು. ಹಾಡಿದವರು ಈಗಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಸಿಡಿ ಹಾಕುವ ಜಾಗವೂ ಇಲ್ಲ.

ಗುಂಡ್ಲುಪೇಟೆಯ ಗೆಳೆಯನ ಹಳೆಯ ಕಂಪ್ಯೂಟರಿನಲ್ಲಿ ಸಿಡಿಯನ್ನು ಐಎಸ್ಒ ಕಡತ ಮಾಡಿಸಿಕೊಂಡೆ. ನುಡಿಯ ಆ ಹಳೆಯ ಆವೃತ್ತಿಯೂ ಅದರಲ್ಲೇ ಇತ್ತು. ಅದು ಯುನಿಕೋಡ್‌ಗಿಂತ ಹಿಂದಿನ ಬಗೆ. ಅದರ ಫಾಂಟ್ ಇಲ್ಲದ ಕಡೆ ಕನ್ನಡವೆಲ್ಲ ಅರ್ಥವಿಲ್ಲದ ರೋಮನ್ ಅಕ್ಷರ.

ಹಾಗಾಗಿ ವರ್ಚುವಲ್‌ಬಾಕ್ಸಿನಲ್ಲಿ ವಿಂಡೋಸ್ ಎಕ್ಸ್‌ಪಿ ಹಾಕಿದೆ. ಆ ಯಂತ್ರವನ್ನು ಪೂರ್ತಿ ಬಂದ್ ಮಾಡಿ, ಸೆಟ್ಟಿಂಗ್ಸ್‌ನ ಸ್ಟೋರೇಜ್‌ನಲ್ಲಿ ಒಂದು ಆಪ್ಟಿಕಲ್ ಡ್ರೈವ್ ಸೇರಿಸಿ, ಐಎಸ್ಒ ಕಡತವನ್ನೇ ಸಿಡಿಯೆಂದು ತೋರಿಸಿದೆ. ಡ್ರೈವ್ ಸೇರಿಸಲು ಯಂತ್ರ ನಿಂತಿರಬೇಕು. ಆಮೇಲೆ ಅದು ಓಡುತ್ತಿರುವಾಗಲೂ ಸಿಡಿ ಬದಲಿಸಬಹುದು.

ನುಡಿ ತೆರೆದುಕೊಂಡಿತು. ಸಾಲು ಸಾಲು ಕನ್ನಡ.

ಓಲೆಗರಿಗೆ ಬೆಳಕು, ಓದಬಲ್ಲ ಕಣ್ಣು ಸಾಕು. ಈ ಸಿಡಿಗೆ ಡ್ರೈವ್, ವಿಂಡೋಸ್, ಫಾಂಟ್ ಮೂರೂ ಬೇಕಾದವು. ಮೂರನ್ನೂ ಹೇಗೋ ಹೊಂದಿಸಬಹುದು. ಆದರೆ ತಂಬೂರಿ ಎಲ್ಲಿ ನಿಂತಿತು, ಹಿಮ್ಮೇಳದವರು ಎಲ್ಲಿ ಸೊಲ್ಲು ಹಿಡಿದರು ಎಂಬುದನ್ನು ಕಡತದಲ್ಲಿ ಯಾರೂ ಬರೆದಿಲ್ಲ. ಅದಕ್ಕೆ ಸೇರಿಸಬಹುದಾದ ಡ್ರೈವ್ ಯಾವ ಮೆನುವಿನಲ್ಲೂ ಇಲ್ಲ. ಅವರ ಜೊತೆ ಸೊಲ್ಲು ಹೇಳಿದವರೊಬ್ಬರು ಊರಲ್ಲಿ ಇನ್ನೂ ಇದ್ದಾರಂತೆ. ಈ ವಾರವೇ ಅವರಲ್ಲಿಗೆ ಹೋಗಬೇಕು.