ಅಟ್ಟದ ಮೇಲಿನ ಗಂಟು

ನನ್ನ ಧರ್ಮಪತ್ನಿಯ ಚಿಕಿತ್ಸೆಯ ಕಾಗದಗಳನ್ನೆಲ್ಲ ಒಂದು ಹಳೆಯ ಪಂಚೆಯ ತುಂಡಿನಲ್ಲಿ ಗಂಟುಕಟ್ಟಿ ಹರಿಹರದ ನಮ್ಮ ಮನೆಯ ಅಟ್ಟದ ಮೇಲಿರಿಸಿದ್ದೆನು. ವಾಚಕರಲ್ಲಿ ಅನೇಕರ ಮನೆಯಲ್ಲಿಯೂ ಇಂಥ ಗಂಟೊಂದು ಇದ್ದೀತು. ಕಳೆದ ಮಳೆಗಾಲದಲ್ಲಿ ಹೆಂಚಿನ ಸಂದಿನಿಂದ ನೀರಿಳಿದು, ಮಸಿಯೆಲ್ಲ ಕರಗಿ, ಕಾಗದಗಳು ಮುದ್ದೆಯಾದುವು. ನಷ್ಟವೆಷ್ಟೆಂಬುದು ತಿಳಿದುದು ಆಕೆಗೆ ಜ್ವರವೇರಿದ ದಿನ.

ದಾವಣಗೆರೆಯು ನಮಗೆ ಸುಮಾರು ೧೪ ಕಿಲೋಮೀಟರು. ಅಲ್ಲಿಯ ಆಸ್ಪತ್ರೆಯೊಂದರಲ್ಲಿ ತರುಣ ವೈದ್ಯರು, “ಈಕೆಗೆ ಒಗ್ಗದ ಔಷಧ ಯಾವುದಾದರೂ ಉಂಟೆ?” ಎಂದು ಕೇಳಿದರು. ಉಂಟು. ಬಹಳ ವರ್ಷಗಳ ಹಿಂದೆ ಒಂದು ಸೂಜಿಮದ್ದು ಕೊಟ್ಟೊಡನೆ ಮೈಯೆಲ್ಲ ದದ್ದರಿಸಿ ಉಸಿರು ಕಟ್ಟಿದುದನ್ನು ಕಣ್ಣಾರೆ ಕಂಡವನು ನಾನು. ಆದರೆ ಆ ಮದ್ದಿನ ಹೆಸರು? ಅಮರಕೋಶವನ್ನು ಇಂದಿಗೂ ಒಪ್ಪಿಸಬಲ್ಲ ನನಗೆ ಆ ಒಂದು ಪದವು ನೆನಪಿಗೆ ಬಾರದೆ ಹೋಯಿತು. ವೈದ್ಯರು ನನ್ನನ್ನು ಜರೆಯಲಿಲ್ಲ. ಎಚ್ಚರದಿಂದ ಔಷಧವನ್ನು ಆರಿಸಿದರು. ಆ ರಾತ್ರಿಯೆಲ್ಲ ಮಂಚದ ಬಳಿ ಕುಳಿತು ಆಕೆಯ ಉಸಿರನ್ನೇ ಎಣಿಸುತ್ತಿದ್ದೆನು. ನಮ್ಮ ಹರಿಹರೇಶ್ವರನ ಗುಡಿಯನ್ನು ೧೨೨೪ರಲ್ಲಿ ಕಟ್ಟಿಸಿದ ಪೋಲಾಳ್ವ ದಂಡನಾಯಕನ ಹೆಸರು ಕಲ್ಲಿನಲ್ಲಿ ಎಂಟುನೂರು ವರ್ಷ ಉಳಿದಿದೆ. ನನ್ನ ಮನೆಯಾಕೆಯ ಪ್ರಾಣಕ್ಕೆ ಬೇಕಾದ ಪದವು ಒಂದು ಮಳೆಗೆ ನಿಲ್ಲಲಿಲ್ಲ!

ಆಕೆ ಗುಣಮುಖಳಾದ ಮೇಲೆ ಮಗಳು ನಮ್ಮಿಬ್ಬರಿಗೂ ‘ಆಭಾ’ ಸಂಖ್ಯೆಯನ್ನು ಮಾಡಿಸಿದಳು. ೨೦೨೧ರ ಸೆಪ್ಟೆಂಬರಿನಲ್ಲಿ ದೇಶಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನವರು ಕೊಡುವ ೧೪ ಅಂಕಿಗಳ ಗುರುತು ಇದು. ಆಭಾ ಎಂದರೆ ಕಾಂತಿ ಎಂದು ವ್ಯಾಖ್ಯಾನಕ್ಕೆ ತೊಡಗಿದೆನು. ಅದು ಬರಿಯ ಮೊದಲಕ್ಷರಗಳ ಜೋಡಣೆಯೆಂದು ಮಗಳು ನಕ್ಕಳು. ಎಲ್ಲರ ರೋಗವೃತ್ತಾಂತವನ್ನೂ ದೆಹಲಿಯ ಒಂದೇ ಕಪಾಟಿನಲ್ಲಿ ತುಂಬುವರೆಂದು ನಾನು ಶಂಕಿಸಿದ್ದೆನು. ಹಾಗಲ್ಲ. ಏರ್ಪಾಡಿಗೆ ಸೇರಿದ ಆಸ್ಪತ್ರೆಯ ದಾಖಲೆಯು ಆ ಆಸ್ಪತ್ರೆಯ ವಶದಲ್ಲಿಯೇ ಇರುವುದು. ಬೇರೆ ವೈದ್ಯರು ಬೇಡಿದಾಗ ರೋಗಿಯ ಮೊಬೈಲಿಗೆ ವಿಜ್ಞಾಪನೆ ಬರುವುದು. ಯಾವ ದಾಖಲೆ, ಎಷ್ಟು ಕಾಲ ಎಂಬುದನ್ನು ಗೊತ್ತುಮಾಡಿ ಒಪ್ಪಿದರೆ ಮಾತ್ರ ಅವರಿಗೆ ದೊರೆಯುವುದು. ಹೆಸರನ್ನು ಎರಡು ಕಡೆ ಎರಡು ಬಗೆಯಾಗಿ ಬರೆದಿದ್ದರೂ ಸಂಖ್ಯೆಯಿಂದ ವ್ಯಕ್ತಿಯೊಬ್ಬರೇ ಎಂದು ತಿಳಿಯುವುದು. ಒಂದೇ ತರಗತಿಯಲ್ಲಿ ಮೂವರು ಬಸವರಾಜರ ಹಾಜರಿ ಕರೆದವನಿಗೆ ಇದರ ಬೆಲೆ ಗೊತ್ತು.

ಆದರೆ ಬರೆಯದಿದ್ದುದು ಎಲ್ಲಿಂದಲೂ ಬಾರದು. ಆ ಸೂಜಿಮದ್ದನ್ನು ಕೊಟ್ಟ ವೈದ್ಯಶಾಲೆಯು ಎಂದೋ ಮುಚ್ಚಿಹೋಯಿತು, ಗಣಕಯಂತ್ರವೇನು ಮಾಡೀತು? ಮುಂದಿನ ಸಲ ದಾವಣಗೆರೆಗೆ ಹೋದಾಗ, “ಹೆಸರು ತಿಳಿಯದ ಒಂದು ಸೂಜಿಮದ್ದು ಒಗ್ಗದು ಎಂದಾದರೂ ಬರೆದುಕೊಳ್ಳಿರಿ” ಎಂದು ಬೇಡಿದೆನು. ವೈದ್ಯರು ಬರೆದುಕೊಂಡರು. ನನ್ನಾಕೆ ಮಾತ್ರ ಆ ಪಂಚೆಯ ತುಂಡನ್ನು ಒಗೆದು ಒಣಗಿಸಿ, ಹೊಸ ಚೀಟಿಗಳನ್ನು ಅದರಲ್ಲಿಯೇ ಕಟ್ಟಿಟ್ಟಿದ್ದಾಳೆ.