ಹುಣಿಸೆಬೀಜದ ಆಟವೂ ಪಣದ ಪ್ರಶ್ನೆಯೂ

ವರ್ಷದ ಸಾರಿಗೆ ಬೇಕಾಗುವಷ್ಟು ಹುಣಿಸೆಹಣ್ಣನ್ನು ಬಿಸಿಲಿಗೆ ಹರವಿ, ಸಿಪ್ಪೆ ಬಿಡಿಸಿ, ಬಡಿದು ಬೀಜ ತೆಗೆದು, ನಾರು ಬೇರ್ಪಡಿಸಿ, ಉಪ್ಪು ಬೆರೆಸಿ ಭರಣಿಗೆ ತುಂಬುವ ಕೆಲಸವು ನಮ್ಮ ನಾಡಿನ ಗೃಹಿಣಿಯರಿಗೆ ಬೇಸಿಗೆಯ ಆರಂಭದ ಒಂದು ನಿಯಮಿತ ಕರ್ತವ್ಯವಾಗಿತ್ತು; ಅನೇಕ ಮನೆಗಳಲ್ಲಿ ಇಂದಿಗೂ ಆಗಿದೆ. ಹಣ್ಣು ಭರಣಿಗೆ ಹೋಗುತ್ತದೆ, ಸಿಪ್ಪೆ ಒಲೆಗೆ ಹೋಗುತ್ತದೆ. ಉಳಿಯುವುದು ಬೀಜ. ಬೀಜವೂ ನಿರುಪಯುಕ್ತವಲ್ಲವೆಂಬುದು ದಿನಸಿ ವರ್ತಕರಿಗೆಲ್ಲ ತಿಳಿದ ವಿಷಯ. ಅದರ ತಿರುಳಿನ ಪುಡಿಯು ಬಟ್ಟೆಯ ಗಿರಣಿಗಳಲ್ಲಿ ನೂಲಿಗೆ ಗಂಜಿ ಹಾಕಲು ಬಳಕೆಯಾಗುತ್ತದೆ. ಆದರೆ ವ್ಯಾಪಾರಿಯ ಕೈ ಸೇರುವ ಮುನ್ನವೇ ಒಂದೆರಡು ಬೊಗಸೆ ಬೀಜಗಳು ಮಕ್ಕಳ ಜೇಬಿಗೆ ಸೇರಿರುತ್ತವೆ. ಅಲ್ಲಿಂದ ಮುಂದೆ ಅವುಗಳ ಬೆಲೆಯನ್ನು ಯಾವ ತಕ್ಕಡಿಯೂ ತೂಗಲಾರದು.

ಕಾಸು ಖರ್ಚಿಲ್ಲದೆ ಮನೆಯ ವಸ್ತುಗಳಿಂದಲೇ ಮಕ್ಕಳು ರಚಿಸಿಕೊಳ್ಳುವ ಆಟಗಳು ಎಷ್ಟೋ ಇವೆ. ಎರಡು ಖಾಲಿ ಬೆಂಕಿಪೊಟ್ಟಣಗಳಿಗೆ ದಾರ ಪೋಣಿಸಿದರೆ ಟೆಲಿಫೋನು. ಕೋಟಿನ ದೊಡ್ಡ ಗುಂಡಿಯ ಎರಡು ರಂಧ್ರಗಳಲ್ಲಿ ದಾರ ತೂರಿಸಿ ಹುರಿಮಾಡಿ ಎಳೆದರೆ ಗುಂಯ್‌ಗುಡುವ ಗಿರಗಿಟ್ಲೆ. ಒಡೆದ ಬಳೆಯ ಚೂರು, ಹಂಚಿನ ಬಿಲ್ಲೆ, ತೆಂಗಿನ ಗರಿ ಇವೆಲ್ಲಕ್ಕೂ ಒಂದೊಂದು ಆಟ ಉಂಟು. ಆದರೂ ಹುಣಿಸೆಬೀಜದಷ್ಟು ಬಹುಮುಖವಾದ ಸಾಮಗ್ರಿ ಮತ್ತೊಂದಿಲ್ಲ. ರಾಶಿ ಹಾಕಿ ಉಫ್ ಎಂದು ಊದಿ, ಪಕ್ಕದ ಬೀಜ ಅಲುಗದಂತೆ ಒಂದೊಂದನ್ನೇ ಎತ್ತಿಕೊಳ್ಳುವುದು ಒಂದು ಆಟ. ಮುಷ್ಟಿಯಲ್ಲಿ ಹಿಡಿದು ಸರಿಯೋ ಬೆಸವೋ ಎಂದು ಕೇಳುವುದು ಇನ್ನೊಂದು. ಏಳೇಳು ಗುಳಿಗಳ ಎರಡು ಸಾಲು ಇದ್ದರೆ ಅಳಗುಳಿಮನೆ. ಮರದ ಮಣೆ ಇಲ್ಲದವರು ಅಂಗಳದ ಮಣ್ಣಿನಲ್ಲಿಯೇ 14 ಗುಳಿ ತೋಡಿಕೊಳ್ಳುತ್ತಾರೆ. ಹಂಪೆಯ ಕಲ್ಲುಹಾಸುಗಳ ಮೇಲೆ ಇಂತಹ ಆಟದ ಮನೆಗಳನ್ನು ಕೊರೆದಿರುವುದನ್ನು ಯಾತ್ರಿಕರು ಈಗಲೂ ನೋಡಬಹುದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ ಹೊಸ ಹೊಸ ಮನೆಯಾಟಗಳನ್ನು ಸ್ವತಃ ರಚಿಸಿದ ದೊರೆಗಳು. ಅರಮನೆಯವರಿಗೆ ದಂತದ ಕಾಯಿ, ಬಡವರ ಮಕ್ಕಳಿಗೆ ಬಳೆಚೂರು. ಆಟದ ಆನಂದದಲ್ಲಿ ವ್ಯತ್ಯಾಸವಿದ್ದಿರಲಾರದು.

ಚೌಕಾಬಾರದ ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೋಡಬೇಕು. ಸೀಮೆಸುಣ್ಣದಿಂದಲೋ ಇದ್ದಿಲಿನಿಂದಲೋ ನೆಲದ ಮೇಲೆ ಐದೈದರಂತೆ 25 ಮನೆಗಳನ್ನು ಬರೆಯುತ್ತಾರೆ. ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಡುವೆ 1. ಕವಡೆ ಇಲ್ಲದಿದ್ದರೆ ನಾಲ್ಕು ಹುಣಿಸೆಬೀಜಗಳನ್ನು ಒರಟು ಕಲ್ಲಿನ ಮೇಲೆ ಒಂದು ಮಗ್ಗುಲು ಬೆಳ್ಳಗಾಗುವವರೆಗೆ ತೇಯುತ್ತಾರೆ. ಬೆರಳು ಬಿಸಿಯಾಗುತ್ತದೆ, ಕೆಲವೊಮ್ಮೆ ಉಗುರೂ ಸವೆಯುತ್ತದೆ. ಹಾಗೆ ತೇಯ್ದ ಬೀಜಗಳನ್ನು ಚೆಲ್ಲಿದಾಗ ಎಷ್ಟು ಬಿಳಿಯ ಮುಖಗಳು ಮೇಲೆ ಬಂದವೋ ಅಷ್ಟು ಮನೆ ನಡೆಯಬೇಕು. ನಾಲ್ಕೂ ಬೆಳ್ಳಗಾದರೆ ಚೌಕ, ಒಂದೂ ಬೆಳ್ಳಗಾಗದಿದ್ದರೆ ಬಾರ, ಅಂದರೆ ಎಂಟು. ಲೆಕ್ಕದ ಅಭಿರುಚಿಯುಳ್ಳವರು ಗಮನಿಸಬೇಕಾದ ಅಂಶವೆಂದರೆ, ನಾಲ್ಕು ಬೀಜಗಳು ಬೀಳುವ ವಿಧಗಳು ಒಟ್ಟು 16. ಅವುಗಳಲ್ಲಿ ಒಂದು ಬೀಳುವುದು 4 ವಿಧ, ಎರಡು 6 ವಿಧ, ಮೂರು 4 ವಿಧ, ಚೌಕ ಒಂದೇ ವಿಧ, ಬಾರವೂ ಒಂದೇ ವಿಧ. ಎರಡೂ ಮಗ್ಗುಲು ಸಮನಾಗಿ ಬೀಳುವಂತೆ ಬೀಜವನ್ನು ತೇಯ್ದಿದ್ದರೆ ಸರಾಸರಿ ನಡೆ ಎರಡೂವರೆ ಮನೆ. ತನ್ನ ಮನೆಯಿಂದ ಹೊರಟ ಕಾಯಿಯು 24 ಮನೆ ನಡೆದು ನಡುಮನೆ ಸೇರಿದಾಗ ಅದು ‘ಹಣ್ಣಾಯಿತು’ ಎನ್ನುತ್ತಾರೆ. ಗೆದ್ದಿತು ಎನ್ನದೆ ಹಣ್ಣಾಯಿತು ಎಂದವರ ಭಾಷಾಸಂಸ್ಕಾರ ದೊಡ್ಡದು.

ಸಮನಾಗಿ ಬೀಳುವಂತೆ ತೇಯ್ದಿದ್ದರೆ ಎಂದು ಹೇಳಿದೆಯಷ್ಟೆ. ಅಂಗಡಿಯಿಂದ ಕೊಂಡುತಂದ ಆಟಕ್ಕೂ ಮನೆಯಲ್ಲಿ ಮಾಡಿದ ಆಟಕ್ಕೂ ಇರುವ ಮುಖ್ಯ ಭೇದ ಈ ಮಾತಿನಲ್ಲಿಯೇ ಅಡಗಿದೆ. ಕೊಂಡ ಪೆಟ್ಟಿಗೆಯೊಳಗೆ ದಾಳವೂ ಸಿದ್ಧ, ನಿಯಮಗಳ ಚೀಟಿಯೂ ಸಿದ್ಧ. ಹುಣಿಸೆಬೀಜದೊಡನೆ ಯಾವ ಚೀಟಿಯೂ ಬರುವುದಿಲ್ಲ. ದಾಳವನ್ನು ಮಾಡುವವರೂ ನಿಯಮವನ್ನು ಮಾಡುವವರೂ ಅದನ್ನು ಮುರಿಯಬಲ್ಲವರೂ ಮಕ್ಕಳೇ.

ಒಂದು ತಾಲ್ಲೂಕು ಕೇಂದ್ರದ ವರ್ತಕ ಕುಟುಂಬದಲ್ಲಿ ಕೆಲವು ವರ್ಷಗಳ ಹಿಂದೆ ನಡೆದ ಸಂಗತಿಯನ್ನು ಇಲ್ಲಿ ಹೇಳಬಹುದು. ಬೇಸಿಗೆಯ ರಜೆಗೆ ಐದು ಮಂದಿ ಮೊಮ್ಮಕ್ಕಳು ಸೇರಿದ್ದರು. ಹಿರಿಯನಿಗೆ ಹದಿಮೂರು, ಕಿರಿಯವಳಿಗೆ ಆರು ವರ್ಷ. ಬೀಜಗಳನ್ನು ತೇಯುವ ಕೆಲಸವನ್ನು ಹಿರಿಯನೇ ವಹಿಸಿಕೊಂಡಿದ್ದ. ಎರಡು ದಿನ ಅವನೇ ಗೆದ್ದ. ಮೂರನೆಯ ದಿನ ಹತ್ತು ವರ್ಷದ ತಂಗಿಗೆ ಸಂಶಯ ಬಂದು, “ಅಣ್ಣ ಯಾವ ಬೀಜವನ್ನು ಹೇಗೆ ಬೀಳಿಸಬೇಕು ಅಂತ ಗುರುತು ಮಾಡಿಕೊಂಡಿದ್ದಾನೆ, ಅಜ್ಜಿ!” ಎಂದು ದೂರಿಟ್ಟಳು. ಅಜ್ಜಿ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತದೆಯೇ, “ಬೀಜ ತೇಯ್ದವರು ನೀವು, ಮನೆ ಬರೆದವರು ನೀವು. ನ್ಯಾಯ ಮಾತ್ರ ನಾನು ಮಾಡಬೇಕೇನಮ್ಮ?” ಎಂದರಂತೆ.

ಮಕ್ಕಳು ನ್ಯಾಯ ಕಂಡುಕೊಂಡ ರೀತಿ ಪ್ರಶಂಸನೀಯವಾಗಿತ್ತು. ಆ ನಾಲ್ಕು ಬೀಜಗಳನ್ನು ಸರದಿಯ ಮೇಲೆ 64 ಸಲ ಚೆಲ್ಲಿ, ಬಿದ್ದದ್ದನ್ನೆಲ್ಲ ಗೋಡೆಯ ಮೇಲೆ ಗೀಟು ಹಾಕಿ ಬರೆದರು. ನಾಲ್ಕರ ಆಸುಪಾಸಿನಲ್ಲಿರಬೇಕಾದ ಬಾರ ಒಂಬತ್ತು ಸಲ ಬಿದ್ದಿತ್ತು. ಹಳೆಯ ಬೀಜಗಳನ್ನು ಎಸೆದು, ಒಬ್ಬೊಬ್ಬರೂ ಒಂದೊಂದು ಬೀಜ ತೇಯಬೇಕು, ಎಲ್ಲರೂ ಅವೇ ನಾಲ್ಕರಿಂದ ಆಡಬೇಕು ಎಂದು ಗೊತ್ತು ಮಾಡಿದರು. ಬೀಜ ತೇಯಲಾರದ ಕಿರಿಯವಳಿಗೆ ಚೆಲ್ಲಿದ ಬೀಜ ಎಣಿಸುವ ಅಧಿಕಾರ ಸಿಕ್ಕಿತು. ಎದುರಾಳಿಯ ಕಾಯಿಯನ್ನು ‘ಕಡಿದೆ’ ಎನ್ನುವುದನ್ನು ಅಜ್ಜಿ ಒಪ್ಪುತ್ತಿರಲಿಲ್ಲವಾದ್ದರಿಂದ ‘ಮನೆಗೆ ಕಳಿಸಿದೆ’ ಎನ್ನುವ ನಿಯಮವೂ ಆಗ ಸೇರಿಕೊಂಡಿತು. ತೂಕದ ಕಲ್ಲು ಸರಿಯಿದೆಯೇ ಎಂದು ಪರೀಕ್ಷಿಸಿ ಮುದ್ರೆ ಒತ್ತುವ ಸರಕಾರಿ ಅಧಿಕಾರಿಗಳ ಕಾರ್ಯಕ್ಕೂ ಈ ಮಕ್ಕಳ ಕಾರ್ಯಕ್ಕೂ ತತ್ತ್ವತಃ ಭೇದವಿಲ್ಲ.

ಕಷ್ಟ ಬಂದದ್ದು ಆ ಮೇಲೆ. ಬರಿಯ ಗೆಲುವಿನಲ್ಲಿ ರುಚಿ ಕಡಿಮೆಯಾಯಿತೆಂದು ಹಿರಿಯನು ಒಂದು ರೂಪಾಯಿಯ ನಾಣ್ಯಗಳನ್ನು ಪಣಕ್ಕಿಡುವ ಸಲಹೆ ಮಾಡಿದ. ಮಧ್ಯಾಹ್ನದ ಊಟಕ್ಕೆ ಅಂಗಡಿಯಿಂದ ಬಂದ ಅಜ್ಜನ ಕಣ್ಣಿಗೆ ಬಿದ್ದದ್ದು ನೆಲದ ಮೇಲಿನ ಮನೆಗಳೂ ಅದರ ಪಕ್ಕದ ನಾಣ್ಯಗಳೂ. ಆ ಮನೆತನಕ್ಕೆ ಒಂದು ಹಳೆಯ ಗಾಯವಿತ್ತು. ಅಜ್ಜನ ಅಣ್ಣನವರು ಇಸ್ಪೀಟಿನ ಚಟಕ್ಕೆ ಬಿದ್ದು ಅಂಗಡಿಯಲ್ಲಿನ ತಮ್ಮ ಪಾಲನ್ನು ಕಳೆದುಕೊಂಡು, ಊರು ಬಿಟ್ಟು ಹೋದವರು ಹಿಂದಿರುಗಿರಲಿಲ್ಲ. ಅಜ್ಜ ಒಂದು ಮಾತೂ ಆಡದೆ ಒದ್ದೆ ಬಟ್ಟೆ ತಂದು ಮನೆಗಳನ್ನು ಒರೆಸಿದರು. ಬೀಜಗಳನ್ನು ಹಿತ್ತಲಿಗೆ ಎಸೆದರು. “ಈ ಮನೆಯಲ್ಲಿ ಇನ್ನು ಈ ಆಟ ಬೇಡ” ಎಂದರು. ಕಿರಿಯವಳು ಅತ್ತಳು.

ಅಜ್ಜನ ಆತಂಕವು ನಿರಾಧಾರವಾದುದಲ್ಲ. ಸಪ್ತವ್ಯಸನಗಳಲ್ಲಿ ದ್ಯೂತವನ್ನು ಮೊದಲು ಎಣಿಸಿರುವುದು ಸಕಾರಣವಾಗಿಯೇ. ಉಳಿದ ಆರಕ್ಕೂ ಅದು ಬಾಗಿಲು ತೆರೆಯುತ್ತದೆ. ದ್ಯೂತದಲ್ಲಿ ರಾಜ್ಯ ಕಳೆದುಕೊಂಡ ಪಾಂಡವರ ಕಥೆಯನ್ನು ಕನ್ನಡದಲ್ಲಿ ಹೇಳಿದ ಆದಿಕವಿ ಪಂಪನೂ ಜೈನನೇ. ಆದರೆ ಶ್ರಾವಕಾಚಾರವನ್ನು ನಿರೂಪಿಸಿದ ಆಚಾರ್ಯರು ಮತ್ತು ಪಂಡಿತರು ಈ ವಿಷಯದಲ್ಲಿ ಎಷ್ಟು ಸೂಕ್ಷ್ಮವಾಗಿ ಯೋಚಿಸಿದ್ದಾರೆಂಬುದನ್ನೂ ಗಮನಿಸಬೇಕು. 13ನೆಯ ಶತಮಾನದ ಪಂಡಿತ ಆಶಾಧರರು ‘ಸಾಗಾರಧರ್ಮಾಮೃತ’ದಲ್ಲಿ, ದ್ಯೂತವನ್ನು ತ್ಯಜಿಸಿದ ಗೃಹಸ್ಥನಿಗೆ ಕೇವಲ ಮನೋವಿನೋದಕ್ಕಾಗಿ ಪಂತ ಕಟ್ಟುವುದೂ ದೋಷವೆಂದು ಹೇಳಿದ್ದಾರೆ. ಈ ಮಾತು ಕಠೋರವಾಗಿ ಕಾಣಬಹುದು. ಅದರ ದೃಷ್ಟಿ ಮಾತ್ರ ಸ್ಪಷ್ಟ: ಅವರ ಬೆರಳು ತೋರುವುದು ಪಂತದ ಕಡೆಗೆ. ಹುಣಿಸೆಬೀಜದಲ್ಲಿ ದೋಷವಿಲ್ಲ, ಗೀಟಿನಲ್ಲಿ ದೋಷವಿಲ್ಲ. ಸೋತವನ ಕೈಯಿಂದ ಗೆದ್ದವನ ಕೈಗೆ ಹೋಗುವ ಆ ನಾಣ್ಯ ಎಷ್ಟೇ ಚಿಕ್ಕದಾಗಿರಲಿ, ದೋಷ ಅಲ್ಲಿ ಹುಟ್ಟುತ್ತದೆ. 2025ರ ಆಗಸ್ಟಿನಲ್ಲಿ ಭಾರತದ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯಿದೆಯೂ ಇದೇ ಗೆರೆಯನ್ನು ಎಳೆದಿದೆ. ಕೌಶಲದ ಆಟವಾಗಲಿ ಅದೃಷ್ಟದ ಆಟವಾಗಲಿ, ಹಣ ಕಟ್ಟಿ ಆಡಿಸುವುದನ್ನು ಅದು ನಿಷೇಧಿಸಿದೆ. ಹಣವಿಲ್ಲದ ವಿನೋದದ ಆಟಗಳನ್ನು ಬಿಟ್ಟುಕೊಟ್ಟಿದೆ. ಪಂಡಿತರ ಮಾತಿಗೂ ಪಾರ್ಲಿಮೆಂಟಿನ ಮಾತಿಗೂ ನಡುವೆ ಏಳು ಶತಮಾನಗಳಿಗೂ ಮೀರಿದ ಅಂತರ!

ಅಂದು ಸಂಜೆ ಅಜ್ಜಿ ಪತಿಗೆ ಹೇಳಿದ್ದು ಇಷ್ಟೇ: “ನೋಡಿ, ಭಾವನವರನ್ನು ಕೆಡಿಸಿದ್ದು ಎಲೆಗಳಲ್ಲ, ಎಲೆಗಳ ಪಕ್ಕದಲ್ಲಿಟ್ಟ ದುಡ್ಡು. ಮಕ್ಕಳು ನಾಳೆ ನಮ್ಮ ಕಣ್ಣ ಮುಂದೆ ಆಡದಿದ್ದರೆ ಕಣ್ಣ ಹಿಂದೆ ಆಡುತ್ತಾರೆ. ಆಗ ದುಡ್ಡು ಇದೆಯೋ ಇಲ್ಲವೋ ನಿಮಗೆ ಹೇಗೆ ಗೊತ್ತಾಗುತ್ತದೆ?” ಅಜ್ಜ ಆ ರಾತ್ರಿ ಉತ್ತರ ಕೊಡಲಿಲ್ಲ. ಮರುದಿನ ಬೆಳಿಗ್ಗೆ ಬಸದಿಯಿಂದ ಬಂದವರು ಮಕ್ಕಳನ್ನು ಕೂರಿಸಿಕೊಂಡು ಅಣ್ಣನವರ ವೃತ್ತಾಂತವನ್ನು ಮೊದಲ ಬಾರಿಗೆ ಪೂರ್ತಿಯಾಗಿ ಹೇಳಿದರು. ನಾಣ್ಯ ಕಂಡರೆ ಆಟ ನಿಲ್ಲಬೇಕು, ಇಲ್ಲದಿದ್ದರೆ ಸೂರ್ಯಾಸ್ತದ ಊಟದವರೆಗೂ ಆಡಿಕೊಳ್ಳಬಹುದು ಎಂದರು. ಹಿರಿಯ ಮೊಮ್ಮಗ ಆ ಬೇಸಿಗೆಯಲ್ಲಿ ಮತ್ತೆ ಆಟಕ್ಕೆ ಕೂರಲಿಲ್ಲ. ಅವನಿಗೆ ಅವಮಾನವಾಗಿತ್ತೋ ಅಥವಾ ಪಣವಿಲ್ಲದ ಆಟ ನಿಜವಾಗಿಯೂ ಸಪ್ಪೆಯೆನಿಸಿತೋ, ಮನೆಯವರು ಕೆದಕಲಿಲ್ಲ. ಹಾಗೆ ಕೆದಕದಿರುವುದೂ ಒಂದು ವಿವೇಕ.

ಮನೆಯ ಆಟಗಳೆಲ್ಲ ನಿರ್ದೋಷವೆಂಬ ಭ್ರಮೆಯೂ ಸಲ್ಲದು. ದಾರದ ತುದಿಗೆ ಏರೋಪ್ಲೇನ್ ಚಿಟ್ಟೆಯನ್ನು ಕಟ್ಟಿ ಹಾರಿಸುವುದು, ಬೆಂಕಿಪೊಟ್ಟಣದಲ್ಲಿ ಜೀರ್ಜಿಂಬೆಯನ್ನು ಕೂಡಿಹಾಕುವುದು ಹಳ್ಳಿಗಳ ಮಕ್ಕಳಿಗೆ ಸಾಮಾನ್ಯ ವಿನೋದವಾಗಿತ್ತು. ಅನರ್ಥದಂಡಕ್ಕೆ, ಅಂದರೆ ಯಾವ ಪ್ರಯೋಜನವೂ ಇಲ್ಲದ ಹಿಂಸೆಗೆ, ಇದಕ್ಕಿಂತ ಸುಲಭವಾದ ಉದಾಹರಣೆ ಸಿಗಲಾರದು. ಅದೇ ದಾರವನ್ನು ಗುಂಡಿಗೆ ಪೋಣಿಸಿದರೆ ಯಾರಿಗೂ ನೋವಿಲ್ಲ. ಇನ್ನು ಅಳಗುಳಿಮನೆಗೆ ಗುಲಗಂಜಿಯನ್ನು ಬಳಸುವ ಪದ್ಧತಿಯ ಬಗ್ಗೆ ಎಚ್ಚರಿಕೆ ಅತ್ಯಗತ್ಯ. ಚಿನ್ನದ ತೂಕಕ್ಕೆ ಬಳಕೆಯಲ್ಲಿದ್ದ ಆ ಕೆಂಪು ಬೀಜದ ಒಳಗೆ ಪ್ರಬಲವಾದ ವಿಷವಿದೆ. ಅಗಿದು ನುಂಗಿದರೆ ಪ್ರಾಣಾಪಾಯವಾಗಬಹುದು. ಹುಣಿಸೆಬೀಜವಾದರೂ ಅಂಬೆಗಾಲಿಡುವ ಕೂಸಿನ ಕೈಗೆ ಸಿಕ್ಕರೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವಿರುವುದರಿಂದ ಆಟ ಮುಗಿದ ಮೇಲೆ ಎಣಿಸಿ ಡಬ್ಬಿಗೆ ಹಾಕಿಡುವುದು ಲೇಸು.

ಮಳೆ ಬಂದು ಅಂಗಳ ಒದ್ದೆಯಾದಾಗ ಆಡಬಹುದಾದ ಮತ್ತೊಂದು ಆಟವನ್ನೂ ಇಲ್ಲಿ ಸೂಚಿಸಬಹುದು. ಹಾವು-ಏಣಿಯಾಟದ ಮೂಲವು ನಮ್ಮ ದೇಶದ್ದೇ. ಕನ್ನಡಿಗರಿಗೆ ಅದು ಪರಮಪದಸೋಪಾನವೆಂದು ಪರಿಚಿತ. ಪಶ್ಚಿಮ ಭಾರತದ ಜೈನರಲ್ಲಿ ಜ್ಞಾನಬಾಜಿಯೆಂಬ ಹೆಸರಿನ, 84 ಮನೆಗಳ ಪಟವನ್ನು ಪರ್ಯೂಷಣದ ದಿನಗಳಲ್ಲಿ ಆಡುವ ರೂಢಿ ಇತ್ತು. ದುರ್ಗುಣಗಳ ಮನೆಗಳಲ್ಲಿ ಹಾವಿನ ತಲೆ, ಸದ್ಗುಣಗಳ ಮನೆಗಳಲ್ಲಿ ಏಣಿಯ ಬುಡ, ಮೇಲ್ತುದಿಯಲ್ಲಿ ಸಿದ್ಧಶಿಲೆ. ಇದನ್ನು ಕೊಂಡುತರುವ ಅಗತ್ಯವಿಲ್ಲ. ಕಳೆದ ವರ್ಷದ ಕ್ಯಾಲೆಂಡರಿನ ಹಾಳೆಯ ಹಿಂಬದಿ ಸಾಕು, ಕಾಯಿಗಳಿಗೆ ನಾಲ್ಕು ಬಣ್ಣದ ಗುಂಡಿ ಸಾಕು, ದಾಳಕ್ಕೆ ಅವೇ ನಾಲ್ಕು ತೇಯ್ದ ಬೀಜಗಳು ಸಾಕು. ಹಾವುಗಳ ಹೆಸರನ್ನು ಮಾತ್ರ ಹಿರಿಯರು ಬರೆದುಕೊಡಬಾರದು. ಮಕ್ಕಳೇ ಚರ್ಚಿಸಿ ಬರೆಯಬೇಕು. ಮೇಲೆ ಹೇಳಿದ ಮನೆಯಲ್ಲಿಯೇ ಮುಂದಿನ ವರ್ಷ ಇಂತಹದೊಂದು ಪಟ ಸಿದ್ಧವಾಯಿತು. ಎಲ್ಲಕ್ಕಿಂತ ಉದ್ದನೆಯ ಹಾವಿಗೆ ಏನು ಹೆಸರಿಡಬೇಕೆಂಬ ವಿಷಯದಲ್ಲಿ ಅರ್ಧ ದಿನ ವಾದ ನಡೆಯಿತು. ‘ಸುಳ್ಳು’ ಎಂದು ಒಬ್ಬರು, ‘ಕೋಪ’ ಎಂದು ಇನ್ನೊಬ್ಬರು. ಏಳು ತುಂಬಿದ್ದ ಕಿರಿಯವಳು, “ಆಟ ಮುಗಿಯುವ ಮೊದಲೇ ಎದ್ದುಹೋಗುವುದು” ಎಂದು ಬರೆಯಬೇಕೆಂದು ಹಟ ಹಿಡಿದಳು. ಹಿರಿಯ ಅಣ್ಣನೇ ಪೆನ್ಸಿಲು ತೆಗೆದುಕೊಂಡು ಹಾಗೆಯೇ ಬರೆದುಕೊಟ್ಟ.