20 ದೊಡ್ಡದಾ, 43 ದೊಡ್ಡದಾ?

ಲೆಕ್ಕದ ಪ್ರಕಾರ ಉತ್ತರ ಹೇಳೋಕೆ ಎಂಜಿನಿಯರಿಂಗ್ ಓದಬೇಕಾಗಿಲ್ಲ. ಆದ್ರೆ ನಮ್ಮ ಹಾಸ್ಟೆಲ್ ರೂಮಿನಲ್ಲಿ ಈ ಪ್ರಶ್ನೆ ಫಸ್ಟ್ ಸೆಮ್‌ನಿಂದ ಹಾಗೇ ಬಾಕಿ ಇದೆ. 20 ಅಂದ್ರೆ ಎಡ್ ರೀಡ್, ಬಾಲ್ಟಿಮೋರ್ ರೇವನ್ಸ್. 43 ಅಂದ್ರೆ ಟ್ರಾಯ್ ಪೊಲಮಾಲು, ಪಿಟ್ಸ್‌ಬರ್ಗ್ ಸ್ಟೀಲರ್ಸ್. ಇಬ್ಬರೂ ಅಮೆರಿಕನ್ ಫುಟ್‌ಬಾಲ್‌ನಲ್ಲಿ ‘ಸೇಫ್ಟಿ’ ಅನ್ನೋ ಜಾಗದಲ್ಲಿ ಆಡಿದವರು. ಇಬ್ಬರೂ 2015ರಲ್ಲಿ ನಿವೃತ್ತಿ ಹೇಳಿದರು. ಆಗ ನಾವಿನ್ನೂ ಪ್ರೈಮರಿ ಸ್ಕೂಲು. ಅಂದ್ರೆ ಇವರ ಒಂದೇ ಒಂದು ಮ್ಯಾಚನ್ನೂ ನಾವು ಲೈವ್ ನೋಡಿಲ್ಲ. ಜಗಳಕ್ಕೆ ಅದೇನೂ ಅಡ್ಡಿ ಆಗಿಲ್ಲ.

ನಾವು ನಾಲ್ಕು ಜನ: ಇಬ್ಬರು ವಕೀಲರು, ಇಬ್ಬರು ಜಡ್ಜ್‌ಗಳು. ಒಬ್ಬ ವಕೀಲನ ಅಕ್ಕ ಪಿಟ್ಸ್‌ಬರ್ಗ್‌ನಲ್ಲಿ ಎಂ.ಎಸ್. ಮಾಡ್ತಿದ್ದಾಳೆ. ಅವಳು ಕಳಿಸಿದ ಹಳದಿ ‘ಟೆರಿಬಲ್ ಟವೆಲ್’ ನಮ್ಮ ರೂಮಿನ ಹಗ್ಗದ ಮೇಲಿದೆ. ಸ್ಟೀಲರ್ಸ್ ಅಭಿಮಾನಿಗಳು 1975ರಿಂದ ಸ್ಟೇಡಿಯಂನಲ್ಲಿ ಬೀಸೋ ಟವೆಲ್ ಅದು, ಸ್ನಾನಕ್ಕೆ ತಗೊಂಡು ಹೋದ್ರೆ ಕೊಲೆ ಆಗುತ್ತೆ. ಇನ್ನೊಬ್ಬನ ಚಿಕ್ಕಪ್ಪ ಇರೋದು ಬಾಲ್ಟಿಮೋರ್ ಹತ್ರ, ಹಾಗಾಗಿ ಅವನ ಹತ್ರ ನೇರಳೆ ಬಣ್ಣದ ಟೀಶರ್ಟ್ ಇದೆ. ಅಮೆರಿಕದಲ್ಲಿ ಈ ಎರಡು ಊರುಗಳಿಗೆ ಫುಟ್‌ಬಾಲ್ ವಿಷಯಕ್ಕೆ ಆಗಿಬರಲ್ಲ. ನಮ್ಮ ರೂಮಿನಲ್ಲಂತೂ ಎರಡು ಮಂಚದ ಮಧ್ಯೆ ಒಂದೇ ಕುರ್ಚಿ.

ಗೊತ್ತಿಲ್ಲದವರಿಗೆ ಒಂದು ಮಾತು. ಇದನ್ನ ‘ಕಾಲ್ಚೆಂಡು’ ಅಂತ ಕನ್ನಡಕ್ಕೆ ತಂದ್ರೆ ತಪ್ಪಾಗುತ್ತೆ, ಇಲ್ಲಿ ಕಾಲಿಗಿಂತ ಕೈಗೇ ಕೆಲಸ. ನೂರು ಗಜದ ಮೈದಾನ, ಕಡೆಗೆ ಹನ್ನೊಂದು ಜನ. ಒಂದು ಕಡೆಯ ಕ್ವಾರ್ಟರ್‌ಬ್ಯಾಕ್ ಚೆಂಡನ್ನ ತನ್ನವರಿಗೆ ಎಸೀತಾನೆ, ಇನ್ನೊಂದು ಕಡೆಯವರು ತಡೀತಾರೆ. ತಡೆಯೋರಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲೋನು ಸೇಫ್ಟಿ. ಮುಂದಿನವರು ತಪ್ಪಿದ್ರೆ ಅವನಿದ್ದಾನೆ, ಅವನು ತಪ್ಪಿದ್ರೆ ಹಿಂದೆ ಬರೀ ಹುಲ್ಲು. ಇದಕ್ಕೆ ಕನ್ನಡದಲ್ಲಿ ಏನಂತ ಬರೆಯೋದು ಅಂತ ತುಂಬ ಯೋಚಿಸಿದ್ವಿ. ‘ಕಾವಲುಗಾರ’ ಅಂದ್ರೆ ಗೇಟಿನಲ್ಲಿ ಐಡಿ ಕಾರ್ಡ್ ಕೇಳೋ ಅಣ್ಣ ಕಣ್ಮುಂದೆ ಬರ್ತಾರೆ. ಸೇಫ್ಟಿ ಅಂತಲೇ ಇರಲಿ.

ರೀಡ್ ವಕೀಲನ ವಾದ ಅಂಕಿಗಳಿಂದಲೇ ಶುರು. ಎದುರಾಳಿ ಎಸೆದ ಚೆಂಡನ್ನ ಮಧ್ಯದಲ್ಲೇ ಕಿತ್ತುಕೊಂಡ್ರೆ ಅದು ಇಂಟರ್‌ಸೆಪ್ಷನ್. ರೀಡ್‌ದು 64, ಪೊಲಮಾಲುದು 32. ಸರಿಯಾಗಿ ಅರ್ಧ. ಮೂರು ಸೀಸನ್‌ನಲ್ಲಿ ಇಡೀ ಲೀಗ್‌ಗೆ ರೀಡ್ ಮೊದಲು. ಅದರಲ್ಲಿ 2010ರಲ್ಲಿ ಆಡಿದ್ದು ಹತ್ತೇ ಪಂದ್ಯ, ಹಿಡಿದದ್ದು ಎಂಟು. ಹಿಡಿದ ಮೇಲೆ ಸುಮ್ನೆ ಬೀಳೋ ಜಾಯಮಾನವೂ ಅವನದಲ್ಲ. 2004ರಲ್ಲಿ 106 ಗಜ ಓಡಿ ದಾಖಲೆ ಮಾಡಿದ, 2008ರಲ್ಲಿ 107 ಗಜ ಓಡಿ ತನ್ನ ದಾಖಲೆಯನ್ನ ತಾನೇ ಮುರಿದ. ನೂರು ಗಜದ ಮೈದಾನದಲ್ಲಿ 107 ಹೇಗೆ ಅಂತೀರಾ? ಗೆರೆಯ ಆಚೆ ಎಂಡ್ ಝೋನ್ ಅಂತ ಇನ್ನೂ ಹತ್ತು ಗಜ ಇದೆ, ಅಲ್ಲಿಂದ.

ಪೊಲಮಾಲು ವಕೀಲ ಅಂಕಿಗೆ ಅಂಕಿಯಿಂದಲೇ ಉತ್ತರ ಕೊಡ್ತಾನೆ. ಸೂಪರ್ ಬೌಲ್ ಗೆಲುವು ರೀಡ್‌ಗೆ ಒಂದು, ಪೊಲಮಾಲುಗೆ ಎರಡು. ನಮ್ಮ ಜಡ್ಜ್ ಒಬ್ಬ ಇದನ್ನ ಗುಣಿಸಿಯೂ ನೋಡಿದ. 64ನ್ನು ಒಂದರಿಂದ ಗುಣಿಸಿದ್ರೆ 64, 32ನ್ನು ಎರಡರಿಂದ ಗುಣಿಸಿದ್ರೂ 64. ಕೇಸ್ ಡಿಸ್ಮಿಸ್ ಅಂದ. ಇಬ್ಬರು ವಕೀಲರೂ ಸೇರಿ ಅವನಿಗೆ ದಿಂಬಿನಲ್ಲಿ ಹೊಡೆದ್ರು.

ಪೊಲಮಾಲು ಕಡೆಯವನ ನಿಜವಾದ ಸಾಕ್ಷಿ ವಿಡಿಯೊಗಳು. 2009ರ ಜನವರಿ, ಸೂಪರ್ ಬೌಲ್‌ಗೆ ಹೋಗೋದು ಯಾರು ಅಂತ ತೀರ್ಮಾನ ಆಗೋ ಪಂದ್ಯ. ರೀಡ್, ಪೊಲಮಾಲು ಇಬ್ಬರೂ ಒಂದೇ ಮೈದಾನದಲ್ಲಿ. 16-14ರಲ್ಲಿ ಆಟ ತೂಗಾಡ್ತಿದ್ದಾಗ ಪೊಲಮಾಲು ಚೆಂಡು ಕಿತ್ಕೊಂಡು ಆ ಉದ್ದ ಕೂದಲು ಹಾರಿಸ್ತಾ 40 ಗಜ ಓಡಿ ಟಚ್‌ಡೌನ್ ಮಾಡಿದ. ಮುಂದಿನ ವರ್ಷದ ಡಿಸೆಂಬರ್‌ನಲ್ಲಿ ಬಾಲ್ಟಿಮೋರ್‌ನಲ್ಲೇ ಕ್ವಾರ್ಟರ್‌ಬ್ಯಾಕ್ ಕೈಯಿಂದ ಚೆಂಡು ಉದುರಿಸಿ, ಸೋಲೋ ಪಂದ್ಯ ತಿರುಗಿಸಿದ. ‘ಎಷ್ಟು ಹಿಡಿದ ಅಲ್ಲ ಕಣೋ, ಯಾವಾಗ ಹಿಡಿದ ಅನ್ನೋದು ಮುಖ್ಯ’ ಅಂತಾನೆ ಇವನು. ಆ ಕಡೆಯವನೂ ಬಿಡಲ್ಲ, ‘2007ರ ಪ್ಲೇಆಫ್‌ನಲ್ಲಿ ಪೇಟನ್ ಮ್ಯಾನಿಂಗ್ ಕೈಯಿಂದ ರೀಡ್ ಎರಡು ಸಲ ಕಿತ್ಕೊಂಡ, ರೇವನ್ಸ್ 15-6ರಲ್ಲಿ ಸೋತರು. ಅದು ರೀಡ್ ತಪ್ಪಾ?’ ಅಂತ ಕೇಳ್ತಾನೆ. ಹೌದು ಅನ್ನೋಕೆ ಯಾರಿಗೂ ಬಾಯಿ ಬರಲ್ಲ.

ಹೀಗೆ ಸುಮಾರು ತಿಂಗಳು ಸುತ್ತಿದ ಮೇಲೆ ನಮಗೆ ಒಂದು ವಿಷಯ ಹೊಳೀತು. ಈ ಹೈಲೈಟ್‌ಗಳಲ್ಲಿ ಸೇಫ್ಟಿ ಯಾವಾಗಲೂ ಎಲ್ಲಿಂದಲೋ ಬಂದುಬಿಡ್ತಾನೆ. ಯಾಕಂದ್ರೆ ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತೆ. ಆಟ ಶುರುವಾಗೋ ಕ್ಷಣದಲ್ಲಿ ದೂರದಲ್ಲಿ ನಿಂತ ಸೇಫ್ಟಿ ಸುಮಾರು ಸಲ ಫ್ರೇಮಿನಲ್ಲೇ ಇರಲ್ಲ. ಕೋಚ್‌ಗಳು ಕೂತು ಓದೋದು ಬೇರೆ ಫಿಲ್ಮು. 22 ಜನರೂ ಕಾಣೋ ಹಾಗೆ ಎತ್ತರದಿಂದ ತೆಗೆದದ್ದು, ಆಲ್-22 ಅಂತಾರೆ. ಅದರಲ್ಲಿ ನೋಡಿದ್ರೆ ಸೇಫ್ಟಿಯ ಬಹುಪಾಲು ಕೆಲಸ ಅಂದ್ರೆ ಏನೂ ಆಗದೇ ಇರೋದು! ಕ್ವಾರ್ಟರ್‌ಬ್ಯಾಕ್ ಆ ಕಡೆ ನೋಡ್ತಾನೆ, 20 ನಂಬರ್ ಕಾಣುತ್ತೆ, ಚೆಂಡನ್ನ ಬೇರೆ ಕಡೆ ಎಸೀತಾನೆ. ಅಷ್ಟೇ. ಎಸೆಯದ ಚೆಂಡನ್ನ ಯಾವ ಕಾಲಮ್ಮಿನಲ್ಲಿ ಬರೀತೀರಿ?

ಕ್ರಿಕೆಟ್‌ನಲ್ಲೂ ಇದೇ ಅಲ್ವಾ? ಪಾಯಿಂಟ್‌ನಲ್ಲಿ ಜಡೇಜಾ ನಿಂತಿದ್ರೆ ಬ್ಯಾಟ್ಸ್‌ಮನ್ ರನ್‌ಗೆ ಓಡಲ್ಲ. ಓಡದ ಆ ರನ್ ಸ್ಕೋರ್‌ಕಾರ್ಡಿನಲ್ಲಿ ಎಲ್ಲೂ ಇರಲ್ಲ.

ಹಾಗಾದ್ರೆ ಸೇಫ್ಟಿಯ ದೊಡ್ಡತನಕ್ಕೆ ಸಾಕ್ಷಿ ಎಲ್ಲಿ ಹುಡುಕೋದು? ಎದುರಾಳಿಯ ಹತ್ರ. ಟಾಮ್ ಬ್ರೇಡಿ ರೇವನ್ಸ್ ವಿರುದ್ಧ ಆಡುವಾಗ ಪ್ರತಿ ಸಲವೂ 20 ಎಲ್ಲಿದ್ದಾನೆ ಅಂತ ಮೊದಲು ಹುಡುಕಬೇಕು ಅಂತ ತನ್ನ ರಿಸ್ಟ್‌ಬ್ಯಾಂಡ್‌ನಲ್ಲೇ ಬರೆದುಕೊಂಡಿದ್ದ. ಏಳು ಸೂಪರ್ ಬೌಲ್ ಗೆದ್ದವನು ಎಕ್ಸಾಮ್ ಹಾಲ್‌ಗೆ ಚೀಟಿ ಒಯ್ದ ಹಾಗೆ! ಪೊಲಮಾಲು ಕಡೆಗೂ ಸಾಕ್ಷಿ ಇದೆ, ಅದು ಅವನು ಇಲ್ಲದಿದ್ದ ವರ್ಷ. 2009ರ ಸೀಸನ್‌ನಲ್ಲಿ ಮೊಣಕಾಲು ಪೆಟ್ಟಾಗಿ ಐದೇ ಪಂದ್ಯ ಆಡಿದ. ಹಿಂದಿನ ವರ್ಷ ಚಾಂಪಿಯನ್ ಆಗಿದ್ದ ತಂಡ ಆ ವರ್ಷ ಪ್ಲೇಆಫ್‌ಗೇ ಹೋಗಲಿಲ್ಲ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದ್ರೆ ಇಲ್ಲದಿರುವಿಕೆಯಿಂದ ಅಳೆಯೋಕೆ ಹೊರಟಾಗ ನಮಗೆ ಮೂರನೇ ಹೆಸರೊಂದು ಸಿಕ್ಕಿತು: ರಯಾನ್ ಕ್ಲಾರ್ಕ್. ಸ್ಟೀಲರ್ಸ್‌ನ ಇನ್ನೊಬ್ಬ ಸೇಫ್ಟಿ. ರೀಡ್ ಹಾಗೇ ಲೂಸಿಯಾನಾದವನು, ರೀಡ್ ಹಾಗೇ 2002ರಲ್ಲಿ ಲೀಗ್‌ಗೆ ಬಂದವನು. ರೀಡ್‌ನನ್ನ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಆರಿಸಿದ್ರು, ಕ್ಲಾರ್ಕ್‌ನನ್ನ ಯಾರೂ ಆರಿಸಲಿಲ್ಲ. ಪೊಲಮಾಲು ಮನಸ್ಸು ಬಂದ ಹಾಗೆ ಮುಂದೆ ನುಗ್ಗಿ, ಗೆರೆಯ ಮೇಲಿಂದ ಹಾರಿ ಆಡ್ತಿದ್ದದ್ದು ಹಿಂದೆ ಕ್ಲಾರ್ಕ್ ಇದ್ದಾನೆ ಅನ್ನೋ ಧೈರ್ಯದ ಮೇಲೆ.

ಕ್ಲಾರ್ಕ್‌ಗೆ ಸಿಕಲ್ ಸೆಲ್ ಟ್ರೇಟ್ ಇತ್ತು. ಆಮ್ಲಜನಕ ಕಡಿಮೆ ಆದ್ರೆ ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ಬಾಗಿ ರಕ್ತನಾಳದಲ್ಲೇ ಸಿಕ್ಕಿಕೊಳ್ಳಬಹುದು. 2007ರಲ್ಲಿ ಸುಮಾರು 1,600 ಮೀಟರ್ ಎತ್ತರದ ಡೆನ್ವರ್‌ನಲ್ಲಿ ಆಡಿ ಬಂದ ಮೇಲೆ ಅವನು ಸಾಯೋ ಸ್ಥಿತಿಗೆ ಹೋದ. ಸ್ಪ್ಲೀನ್, ಪಿತ್ತಕೋಶ ಎರಡನ್ನೂ ತೆಗೀಬೇಕಾಯ್ತು. ಆಮೇಲೂ ವಾಪಸ್ ಬಂದು ಆಡಿದ, ಸೂಪರ್ ಬೌಲ್ ಗೆದ್ದ.

2012ರ ಜನವರಿ 8ರಂದು ಸ್ಟೀಲರ್ಸ್‌ಗೆ ಪ್ಲೇಆಫ್ ಪಂದ್ಯ ಬಿದ್ದದ್ದು ಅದೇ ಡೆನ್ವರ್‌ನಲ್ಲಿ. ಕೋಚ್ ಮೈಕ್ ಟಾಮ್ಲಿನ್ ಈ ಸಲ ಅವನನ್ನ ಇಳಿಸಲಿಲ್ಲ. 23-23, ಓವರ್‌ಟೈಮ್. ಮೊದಲ ಆಟದಲ್ಲೇ ಟಿಮ್ ಟೀಬೋ ಎಸೆದ ಚೆಂಡು ಹಿಡಿದು ಡಿಮೇರಿಯಸ್ ಥಾಮಸ್ ಓಡಿದ. ಒಟ್ಟು 80 ಗಜ, 11 ಸೆಕೆಂಡು, ಮುಗೀತು. ಪೊಲಮಾಲು ಮುಂದೆ ಗೆರೆ ಹತ್ರ ಬಂದು ನಿಂತಿದ್ದ. ಹಿಂದೆ ಬರೀ ಹುಲ್ಲು.

ಕ್ಲಾರ್ಕ್ ಇದ್ದಿದ್ರೆ ತಡೀತಿದ್ದನಾ? ಇದಕ್ಕೆ ಯಾವ ವಕೀಲನೂ ಉತ್ತರ ಕೊಡೋಕೆ ಆಗಲ್ಲ. ಟಾಮ್ಲಿನ್ ಮಾಡಿದ್ದು ಮಾತ್ರ ಸರಿ, ಒಂದು ಪಂದ್ಯಕ್ಕೆ ಒಂದು ಜೀವ ಒತ್ತೆ ಇಡಬಾರದು. ಆ ವಿಡಿಯೊ ನೋಡಿ ಮುಗಿಸಿದ ಮೇಲೆ ರೂಮಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಮ್ಮ ಜಗಳ ಪೂರ್ತಿ ಮುಂದೆ ಕಾಣೋ ಇಬ್ಬರ ಬಗ್ಗೆ ಇತ್ತು.

ನಮಗೆ ಈಗ ಹತ್ತೊಂಬತ್ತು. ರೆಸ್ಯೂಮೆ ಈಗಿನಿಂದಲೇ ಶುರು ಮಾಡಿ ಅಂತಾರೆ. ಅದರಲ್ಲಿ ಬರೆಯೋಕೆ ಬರೋದು ಎಣಿಸೋಕೆ ಬರೋದು ಮಾತ್ರ: ಸಿಜಿಪಿಎ, ಹ್ಯಾಕಥಾನ್, ಸರ್ಟಿಫಿಕೇಟು. ಮಿನಿ ಪ್ರಾಜೆಕ್ಟ್‌ನಲ್ಲಿ ನಮ್ಮ ಪೈಕಿ ಒಬ್ಬ ರಾತ್ರಿ ಎರಡು ಗಂಟೆವರೆಗೆ ಮಲ್ಟಿಮೀಟರ್ ಹಿಡ್ಕೊಂಡು ಒಂದೊಂದೇ ಕನೆಕ್ಷನ್ ನೋಡಿದ, ಡೆಮೊ ದಿನ ಏನೂ ಸುಡಲಿಲ್ಲ. ಸುಡದೇ ಇದ್ದದ್ದಕ್ಕೆ ಮಾರ್ಕ್ಸ್ ಕಾಲಮ್ ಇರಲಿಲ್ಲ. ಚೆನ್ನಾಗಿ ಮಾತಾಡಿದವನನ್ನ ಎಲ್ಲರೂ ಹೊಗಳಿದ್ರು. ಅವನು ಚೆನ್ನಾಗಿ ಮಾತಾಡಿದ್ದೂ ನಿಜ. ಪೊಲಮಾಲು ಹಾರಿದ್ದೂ ನಿಜಾನೇ ತಾನೆ.

ರೀಡ್ 2019ರಲ್ಲಿ, ಪೊಲಮಾಲು 2020ರಲ್ಲಿ, ಇಬ್ಬರೂ ಮೊದಲ ಅವಕಾಶದಲ್ಲೇ ಹಾಲ್ ಆಫ್ ಫೇಮ್‌ಗೆ ಆಯ್ಕೆ ಆದರು. ಅದರ ಬಗ್ಗೆ ನಮಗೆ ತಕರಾರಿಲ್ಲ. ಜಡ್ಜ್‌ಗಳ ತೀರ್ಪು ಸದ್ಯಕ್ಕೆ ಹೀಗಿದೆ: ಹಿಂದೆ ಒಬ್ಬನೇ ನಿಂತು ಕಾಯಬೇಕು ಅಂದ್ರೆ 20. ಮುಂದೆ ನುಗ್ಗಿ ಪಂದ್ಯ ತಿರುಗಿಸಬೇಕು ಅಂದ್ರೆ 43, ಆದ್ರೆ ಜೊತೆಗೆ 25 ಇರಬೇಕು. 25 ಅಂದ್ರೆ ಕ್ಲಾರ್ಕ್‌ನ ಜರ್ಸಿ. ಇಬ್ಬರು ವಕೀಲರೂ ಮೇಲ್ಮನವಿ ಹಾಕ್ತೀವಿ ಅಂದಿದ್ದಾರೆ.